ಬೊಂಬೆ ಆಂಟಿ

ಇಟ್ಟಿಗೆಗೆ ಒರಗಿಸಿದ್ದ ಫೋನು ಮತ್ತೆ ಮುಖ ಕೆಳಗಾಗಿ ಬಿತ್ತು. ನಯನಾ ಕತ್ತರಿ ಬದಿಗಿಟ್ಟು ಎದ್ದು ಬಂದಳು. ಫೋನನ್ನು ನೆಟ್ಟಗೆ ನಿಲ್ಲಿಸಿ, ಕೆಂಪು ಗುಂಡಿ ಒತ್ತಿ, ಓಡಿಹೋಗಿ ಹೊಲಿಗೆ ಮೆಷಿನ್ನಿನ ಮುಂದೆ ಕೂತಳು. ಕೂತು ನಕ್ಕಳು.

"ಅರೆ ಅಕ್ಕ, ಯಾರನ್ನ ನೋಡಿ ನಗ್ತಿದ್ದೀಯ?" ಪಕ್ಕದ ಮೆಷಿನ್ನಿನಿಂದ ಉಮ್ಮೆ ಹಬೀಬಾ ಕೇಳಿದಳು. "ನಿನ್ನ ಮುಖಾನೇ ನೋಡ್ಕೊಂಡಿದ್ರೆ ಮೆಳ್ಳೆಗಣ್ಣು ಕಾಣ್ತದೆ. ಮೇಲ್ಗಡೆ ಸಣ್ಣ ತೂತು ಐತಲ್ಲ, ಅದನ್ನ ನೋಡು."

"ತೂತು ನೋಡ್ಕೊಂಡು ಹೆಂಗೆ ನಗ್ಲಿ?"

"ಮಗ್ಳು ಅದ್ರೊಳಗವ್ಳೆ ಅಂದ್ಕೋ."

ಹಬೀಬಾ ತಮಾಷೆಗೆ ಅಂದಿದ್ದಳು. ನಯನಾ ಆ ತೂತನ್ನೇ ನೋಡಿದಳು. ಈ ಸಲದ ನಗು ಸರಿಬಂತು.

ಗುಂಡ್ಲುಪೇಟೆಯ ಆ ಅಂಗಡಿಯಲ್ಲಿ ಇಬ್ಬರೂ ಬ್ಲೌಸ್ ಹೊಲಿಯುತ್ತಿದ್ದರು. ಮಾಲೀಕರು ಊಟಕ್ಕೆ ಹೋದಾಗ ನಯನಾ ಉಳಿದ ಚೂರು ಬಟ್ಟೆಗಳಲ್ಲಿ ಬೊಂಬೆ ಕಟ್ಟುತ್ತ ತನ್ನ ವಿಡಿಯೋ ತಾನೇ ತೆಗೆದುಕೊಳ್ಳುವುದನ್ನು ಕಲಿಯುತ್ತಿದ್ದಳು. ಗಂಡ ಸೋಮಶೇಖರನ ಮನೆ ಬಿಟ್ಟು ಬಂದಾಗ, ಜಗಲಿಯ ಮೇಲೆ ಕೂತ ಹಿರಿಯರು ಮಗು ತಂದೆಯ ಹತ್ತಿರವೇ ಇರಲಿ ಎಂದು ತೀರ್ಮಾನ ಮಾಡಿದ್ದರು. ಮಾನ್ವಿತಾಗೆ ಆಗ ಮೂರು ವರ್ಷ, ಈಗ ಏಳು. ಚಾಮರಾಜನಗರದ ಆ ಮನೆಯಲ್ಲಿ ನಯನಾಳದೊಂದು ಫೋಟೋವನ್ನೂ ಉಳಿಸಿರಲಿಲ್ಲ. ಸೋಮಶೇಖರನ ಅಕ್ಕ ಸುಧಾಮಣಿ ಮಾತ್ರ ಗುಟ್ಟಾಗಿ ಫೋನು ಮಾಡುತ್ತಿದ್ದಳು. ನೀನು ವಿಡಿಯೋ ಹಾಕು, ಮಗು ರಜಕ್ಕೆ ಚಂದಕವಾಡಿಗೆ ನಮ್ಮನೆಗೆ ಬಂದಾಗ ತೋರಿಸ್ತೀನಿ ಅಂದಿದ್ದಳು. ಮಗಳಿಗೆ ತನ್ನ ಮುಖ ಗೊತ್ತಿರಬೇಕು. ನಯನಾಗೆ ಬೇಕಿದ್ದದ್ದು ಅಷ್ಟೇ.

ತೆಗೆದದ್ದನ್ನು ಕತ್ತರಿಸುವುದನ್ನೂ ಹಬೀಬಾಳೇ ಹೇಳಿಕೊಟ್ಟಳು. ಪ್ರತಿ ವಿಡಿಯೋದ ಮೊದಲಲ್ಲಿ ನಯನಾ ಬೆನ್ನು ತೋರಿಸಿಕೊಂಡು ಓಡುತ್ತಿದ್ದಳು, ಕೊನೆಯಲ್ಲಿ ಕೈ ಚಾಚಿಕೊಂಡು ಫೋನಿನತ್ತ ಬರುತ್ತಿದ್ದಳು. ಅದನ್ನೆಲ್ಲ ಕತ್ತರಿಸು ಎಂದರೆ, ಎರಡು ಕಡೆಯೂ ಸ್ವಲ್ಪ ಉಳಿಸಿಯೇ ಕತ್ತರಿಸುತ್ತಿದ್ದಳು.

"ಅದ್ಯಾಕೆ ಬುಟ್ಟಿದ್ದೀಯ?"

"ಒಳಗೆ ಒಂಚೂರು ಇರ್ಲಿ ಅಂತ."

"ನಾಳೆ ದಪ್ಪ ಆದ್ರೆ ಬಿಚ್ಚಿ ಸಡಿಲ ಮಾಡಕ್ಕೆ ಇದೇನು ಬ್ಲೌಸಾ?" ಹಬೀಬಾ ಮೆಷಿನ್ನಿನ ಮೇಲೆ ತಲೆಯಿಟ್ಟು ನಕ್ಕಳು.

ಮೊದಲ ವಿಡಿಯೋ ಮುಗಿದ ದಿನ ನಯನಾ ಅದನ್ನು ನೋಡಿ ಫೋನನ್ನು ಮಡಿಲಲ್ಲಿ ಮುಚ್ಚಿಕೊಂಡಳು. ಕಣ್ಣ ಕೆಳಗೆ ಕಪ್ಪು, ಗುಳಿಬಿದ್ದ ಕೆನ್ನೆ. "ಈ ಮುಖ ಮಗ ನೋಡದು ಬ್ಯಾಡ. ಹೆದರ್ಕತದೆ." ಹಬೀಬಾ ಫೋನು ತೆಗೆದುಕೊಂಡು ಎಲ್ಲೋ ಒತ್ತಿದಳು. ಮುಖ ಬೆಳ್ಳಗೆ ನುಣ್ಣಗೆ ಆಯಿತು. ಗಲ್ಲದ ಮಚ್ಚೆ ಮಾಯವಾಯಿತು. ಕಣ್ಣು ದೊಡ್ಡದಾಯಿತು. ಫಿಲ್ಟರ್ ಎಂದರೆ ಇದೇ ಎಂದಳು. ಆಮೇಲೆ ನಯನಾ ಅದನ್ನು ಒಮ್ಮೆಯೂ ತೆಗೆಯಲಿಲ್ಲ. ಅಮ್ಮ ಚೆನ್ನಾಗಿದ್ದಾಳೆ ಅಂದುಕೊಳ್ಳಲಿ ಮಗಳು.

ಬೇಸಿಗೆ ರಜದಲ್ಲಿ ಸುಧಾಮಣಿಯ ಫೋನು ಬಂತು. "ದಿನಾ ನಿಂದೇ ನೋಡ್ತದೆ ಕಣಮ್ಮಿ. ಬೊಂಬೆ ಆಂಟಿ, ಬೊಂಬೆ ಆಂಟಿ ಅಂತದೆ."

"ಆಂಟಿನಾ?"

"ನೀನೇ ಅವರಮ್ಮ ಅಂತ ನಾನು ಯೋಳಿಲ್ಲ. ಯೋಳಿದ್ರೆ ಅದು ಓಗಿ ಅವರಪ್ಪನ ಕೈಲಿ ಒದರ್ಬುಡ್ತದೆ. ಸಂತೆ ದಿನ ಸಂತೆಮರಹಳ್ಳಿಗೆ ಕರ್ಕೊಂಡ್ ಬತ್ತೀನಿ. ನೀನೇ ಯೋಳ್ಕೊ."

ಸಂತೆಮರಹಳ್ಳಿಯ ಬಸ್ ನಿಲ್ದಾಣದಲ್ಲಿ ಈರುಳ್ಳಿ ಚೀಲಗಳ ಪಕ್ಕ ಸುಧಾಮಣಿ ಕೂತಿದ್ದಳು. ಅವಳ ಬೆನ್ನ ಹಿಂದೆ ಮಾನ್ವಿತಾ. ಉದ್ದವಾಗಿದ್ದಳು. ಮುಂದಿನ ಹಲ್ಲೊಂದು ಇರಲಿಲ್ಲ. ನಯನಾ ಕೊಟ್ಟ ಬೊಂಬೆಯನ್ನು ತಟ್ಟನೆ ತೆಗೆದುಕೊಂಡಳು.

"ಬೊಂಬೆ ಆಂಟಿ ಕೊಟ್ರಾ?"

"ನಾನೇ ಬೊಂಬೆ ಆಂಟಿ."

ಮಗು ಅವಳನ್ನು ಮೇಲಿಂದ ಕೆಳಗೆ ನೋಡಿತು. "ಅತ್ತೆ, ಇವ್ರು ಸುಳ್ಳು ಯೋಳ್ತಾವ್ರೆ. ಬೊಂಬೆ ಆಂಟಿ ಬೆಳ್ಳಗವ್ರೆ."

ನಯನಾ ಅವಸರದಲ್ಲಿ ಫೋನು ತೆಗೆದಳು. ಫಿಲ್ಟರ್ ಹಾಕಿ, ಇಬ್ಬರ ಮುಖವೂ ಕಾಣುವಂತೆ ಎದುರಿಗೆ ಹಿಡಿದಳು. ಮಾನ್ವಿತಾಳ ಬಾಯಿ ತೆರೆಯಿತು. "ಹಾಯ್ ಆಂಟಿ!" ಫೋನಿಗೆ ಕೈ ಬೀಸಿದಳು. ಅವಳ ಭುಜ ನಯನಾಳ ತೋಳಿಗೆ ತಾಗಿಕೊಂಡಿತ್ತು. ಆದರೂ ಪಕ್ಕಕ್ಕೆ ತಿರುಗಲಿಲ್ಲ.

"ನಾನು ಆಂಟಿ ಅಲ್ಲ ಮಗ," ನಯನಾ ಫೋನಿಗೇ ಹೇಳಿದಳು. "ನಿನ್ನ ಅಮ್ಮ."

"ನಿಜವಾಗ್ಲೂ?"

"ನಿಜವಾಗ್ಲೂ."

"ಅಮ್ಮ," ಅಂದಳು ಮಾನ್ವಿತಾ, ಗಾಜಿನ ಮೇಲಿನ ಕೆನ್ನೆಯನ್ನು ಬೆರಳಿಂದ ಮುಟ್ಟಿ. ಅವಳ ಬೆರಳು ಬಿದ್ದ ಕಡೆ ಕ್ಯಾಮೆರಾದ ಪುಟ್ಟ ಚೌಕಟ್ಟೊಂದು ಮೂಡಿ ಮರೆಯಾಯಿತು.

ನಯನಾ ಫಿಲ್ಟರ್ ತೆಗೆದಳು.

ಭುಜ ಸರಕ್ಕನೆ ದೂರವಾಯಿತು. ಮಗು ಫೋನನ್ನು ನೋಡಿತು, ನಯನಾಳನ್ನು ನೋಡಿತು, ಸುಧಾಮಣಿಯ ಸೆರಗಿನೊಳಗೆ ಮುಖ ತೂರಿಸಿ ಅಳತೊಡಗಿತು. "ಅಮ್ಮನ್ನ ಹಾಕಿ. ಮತ್ತೆ ಅಮ್ಮನ್ನ ಹಾಕಿ."

ಈರುಳ್ಳಿ ಚೀಲದವನು ತಿರುಗಿ ನೋಡಿದ. ಸುಧಾಮಣಿ ಮಗುವಿನ ಬೆನ್ನು ತಟ್ಟುತ್ತ ದನಿ ತಗ್ಗಿಸಿದಳು.

"ಹಾಕ್ಬುಡು ನಯನಾ. ಏನೀಗ? ಮಗ ಅದು. ಇನ್ಮೇಲೆ ವಾರವಾರ ನಾನೇ ವಿಡಿಯೋ ಕಾಲ್ ಮಾಡಿಸ್ತೀನಿ, ಅಪ್ಪನ ಕೈಲಿ ಯೋಳ್ದೆ ಇರಂಗೆ ನೋಡ್ಕತೀನಿ. ಆ ಮುಖ ಹಾಕ್ಕೊಂಡೇ ಮಾತಾಡು. ಬಾಯ್ತುಂಬ ಅಮ್ಮ ಅಂತದೆ. ಅಷ್ಟು ಸಾಲ್ದಾ ನಿಂಗೆ?"

ಮಾನ್ವಿತಾ ಸೆರಗಿನಿಂದ ಒಂದು ಕಣ್ಣು ಹೊರಗಿಟ್ಟು ಫೋನಿಗಾಗಿ ಕೈ ಚಾಚಿದಳು.

"ಬ್ಯಾಡ ಅತ್ಗೆ," ಅಂದಳು ನಯನಾ. "ಹಾಕಕಿಲ್ಲ."