ಏಳನೆಯ ಚುಕ್ಕಿ

"ಈ ಒಂದನ್ನ ತೆಗೆದುಬಿಡು, ಇರ್ಮೆಲಿ. ಮಿಕ್ಕಿದ್ದೆಲ್ಲ ಚಿನ್ನ," ಎಂದ ಪ್ರೊಫೆಸರ್ ತಾಪನಿ, ಪರದೆಯ ಮೇಲಿನ ಚುಕ್ಕಿಯೊಂದಕ್ಕೆ ಬೆರಳು ತಾಗಿಸಿ.

ಪರದೆಯ ಎಡಕ್ಕೆ ಸಂಧಿವಾತದ ರೋಗಿಗಳು, ಬಲಕ್ಕೆ ಹನ್ನೆರಡು ಮಂದಿ ಆರೋಗ್ಯವಂತರು. ತಲೆಗೊಂದು ಚುಕ್ಕಿ. ಯಾರ ರಕ್ತದಲ್ಲಿ ಇಂಟರ್‌ಲ್ಯೂಕಿನ್-ಆರು ಎಷ್ಟಿದೆ ಎಂಬ ಲೆಕ್ಕ ಅದು. ಮೈಯಲ್ಲಿ ಎಲ್ಲೋ ಕಿಚ್ಚು ಹತ್ತಿದೆ ಎಂದು ಬಿಳಿರಕ್ತಕಣಗಳು ಒಂದಕ್ಕೊಂದು ಕೂಗಿ ಹೇಳುವುದು ಇದರಿಂದಲೇ. ಆರೋಗ್ಯವಂತರ ಚುಕ್ಕಿಗಳೆಲ್ಲ ಕೆಳಗೆ ತೆಪ್ಪಗೆ ಕೂತಿದ್ದವು. ಏಳನೆಯದು ಮಾತ್ರ ರೋಗಿಗಳ ಎತ್ತರಕ್ಕೆ ಏರಿತ್ತು.

ಔಲು ಊರಿನ ಆ ಪ್ರಯೋಗಾಲಯದಲ್ಲಿ ಆರೋಗ್ಯವಂತರೆಂದರೆ ಬೇರೆ ಯಾರೂ ಅಲ್ಲ, ಅಲ್ಲಿ ದುಡಿಯುವವರೇ. ಮಂಗಳವಾರ ಬೆಳಿಗ್ಗೆ ಅಂಗಿಯ ತೋಳು ಮೇಲೇರಿಸಿ ರಕ್ತ ಕೊಡುವುದು, ಕಾಫಿಯ ಜೊತೆ ಏಲಕ್ಕಿ ಬನ್ನು ತಿಂದು ಕೆಲಸಕ್ಕೆ ಕೂರುವುದು. ಕೊಳವೆಯ ಮೇಲೆ ಹೆಸರು ಬರೆಯುವಂತಿಲ್ಲ, ಬರೀ ಸಂಖ್ಯೆ. ಯಾವುದು ಯಾರದೆಂದು ಯಾರೂ ಬಾಯಿ ಬಿಡುವಂತಿಲ್ಲ. ಮೂವತ್ತು ವರ್ಷದ ಹಿಂದೆ ಆ ನೇಮ ಮಾಡಿದವಳೇ ಅಲ್ಲಿನ ಹಿರಿಯ ಸಹಾಯಕಿ ಇರ್ಮೆಲಿ. ಚೀಟಿ ಅಂಟಿಸುವವಳೂ ಅವಳೇ.

"ಯಾಕೆ ತೆಗೀಬೇಕು?"

"ಯಾರಿಗೋ ಶೀತ ಆಗಿರತ್ತೆ. ಕಾರಣ ಅನ್ನೋ ಕಡೆ ಹಾಗಂತ ಬರೆದು ಸಹಿ ಹಾಕು. ಶುಕ್ರವಾರ ವಿಜ್ಞಾನ ಪತ್ರಿಕೆಗೆ ಲೇಖನ ಕಳಿಸಬೇಕು. ಇದಿದ್ರೆ, ನಿಮ್ಮ ಆರೋಗ್ಯವಂತರೇ ಹೀಗಾದ್ರೆ ರೋಗಿಗಳ ಗತಿಯೇನಪ್ಪಾ ಅಂತ ನಗ್ತಾರೆ."

"ಶೀತ ಆಗಿರ್ಲಿಲ್ಲ."

"ನಿಂಗೆ ಹೇಗೆ ಗೊತ್ತು?"

ಇರ್ಮೆಲಿ ಕೈಗಳನ್ನು ಮೇಲಂಗಿಯ ಜೇಬಿಗೆ ತುರುಕಿದಳು. ಚಳಿಗಾಲ ಶುರುವಾದಾಗಿನಿಂದ ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಬಿಸಿನೀರಲ್ಲಿ ಅದ್ದಿಕೊಂಡು, ವಯಸ್ಸಾಯ್ತು ಬಿಡು ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಈ ಚುಕ್ಕಿ ಅಳಿಸಿದರೆ ಆ ಸುಳ್ಳಿನಲ್ಲೇ ಇನ್ನಷ್ಟು ದಿನ ಹಾಯಾಗಿರಬಹುದು. ಅಯ್ಯೋ, ಅಳಿಸಿಬಿಡಲೇ ಎಂದು ಒಂದು ಗಳಿಗೆ ಆಸೆಯಾಯಿತು. ಭಯವೂ ಆಯಿತು. ಆಮೇಲೆ ತನ್ನ ಮೇಲೆಯೇ ಕೆಟ್ಟ ಸಿಟ್ಟು ಬಂತು.

"ಏಳನೇದು ನಾನೇ ಕಣೋ."

ತಾಪನಿ ಕುರ್ಚಿ ಎಳೆದು ಅವಳ ಹತ್ತಿರ ಕೂತ. "ಮೊದಲು ನಿನ್ನನ್ನ ಡಾಕ್ಟರ ಹತ್ರ ಕಳಿಸ್ತೀನಿ. ಆದ್ರೂ ನೋಡು, ರೋಗ ಇರೋರು ಆ ಸಾಲಲ್ಲಿ ಇರೋ ಹಾಗಿಲ್ವಲ್ಲ. ಹೇಗೂ ತೆಗೀಲೇಬೇಕು."

"ರೋಗ ಅಂತ ಗೊತ್ತಾದ್ಮೇಲೆ ರೋಗ ಅಂತಲೇ ಬರೆದು ತೆಗಿ, ನಾನೇ ಸಹಿ ಹಾಕ್ತೀನಿ. ಇಲ್ಲದ ಶೀತಕ್ಕೆ ಹಾಕಲ್ಲ. ಕನ್ನಡಿ ಒಡೆದ್ರೆ ಮುಖ ಬದಲಾಗತ್ತೇನೋ? ನಿಂಗೆ ಪಿಪೆಟ್ ಹಿಡಿಯೋದು ಕಲಿಸಿದ್ದು ನಾನು. ಇದನ್ನ ಕಲಿಸ್ಲಿಲ್ಲ."

"ಶುಕ್ರವಾರ..."

"ಶುಕ್ರವಾರ ವಾರವಾರ ಬರತ್ತೆ."

ಇರ್ಮೆಲಿ ಅಂಗಿಯ ತೋಳು ಮೇಲೇರಿಸಿ ಮೇಜಿನ ಮೇಲೆ ಕೈ ಚಾಚಿದಳು. "ಇನ್ನೊಂದ್ಸಲ ರಕ್ತ ತೆಗಿ. ನೀನೇ ತೆಗಿ. ಅದೂ ಮೇಲೆ ಹೋಗತ್ತೋ ಇಲ್ವೋ ನೋಡೇಬಿಡೋಣ."

"ಸೂಜಿ ಮುಟ್ಟಿ ಹತ್ತು ವರ್ಷ ಆಯ್ತು, ಮಾರಾಯ್ತಿ."

"ಚುಚ್ಚೋ, ಸಾಯಲ್ಲ."

ಅವನು ಚುಚ್ಚಿದ. ಕೊಳವೆ ತುಂಬಿತು. ಅವನು ಸಂಖ್ಯೆಯ ಚೀಟಿಗಾಗಿ ಡಬ್ಬಿ ತೆರೆಯುವಷ್ಟರಲ್ಲಿ ಇರ್ಮೆಲಿ ಅವನ ಜೇಬಿನಿಂದ ಪೆನ್ನು ಕಿತ್ತುಕೊಂಡಳು. ಬೆರಳು ಮಣಿಯಲಿಲ್ಲ, ಪೆನ್ನನ್ನು ಮುಷ್ಟಿಯಲ್ಲೇ ಹಿಡಿದಳು. ಇನ್ನೂ ಬೆಚ್ಚಗಿದ್ದ ಕೊಳವೆಯ ಮೇಲೆ ತನ್ನ ಹೆಸರನ್ನು, ಮನೆತನದ ಹೆಸರು ಸಮೇತ, ಸೊಟ್ಟಸೊಟ್ಟ ದೊಡ್ಡ ಅಕ್ಷರಗಳಲ್ಲಿ ಬರೆದಳು.