ಪರಮೇಶಪ್ಪನ ಕಾರಿನ ಹೊದಿಕೆ

ಸವಣೂರಿನ ಹಜರತಅಲಿ ಕಡಿಮೆ ಮಾತಿನವನು. ಇಂಥವರ ಸಂಗಡ ಬಾಳುವುದು ಸುಲಭವೆಂದು ಯಾರಾದರೂ ಹೇಳಿದರೆ ನಂಬಬೇಡಿ. ವರ್ಷವೆಲ್ಲ ತುಟಿ ಹೊಲಿದುಕೊಂಡಿದ್ದು, ಬಾಯಿ ತೆರೆದ ದಿನ ಒಂದೇ ಮಾತಿನಲ್ಲಿ ಮನೆ ಮುಳುಗಿಸುತ್ತಾರೆ. ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ, ಶಿಗ್ಗಾಂವದ ಹೆದ್ದಾರಿ ಪಕ್ಕದ ಇಸಾಕನ ವೆಲ್ಡಿಂಗ್ ಅಂಗಳದಲ್ಲಿ ಅವನು ಮಾಡಿದ್ದೂ ಅದನ್ನೇ. ಅಕ್ಕಿಆಲೂರಿನ ಗಿರಣಿ ಮಾಲಕ ಪರಮೇಶಪ್ಪ ನಾಲ್ಕು ಜನರೆದುರು ಕೆಣಕಿದ್ದೇ ತಡ, ತಲೆಯೆತ್ತಿ ಹೇಳಿಬಿಟ್ಟ.

"ನನ್ನ ಕೈ ತಪ್ಪಿದ್ದು ಖರೇ ಆದ್ರ ರಂಪಿಗಿ ಇಲ್ಲೇ ಇಟ್ಟು ಹೋಗ್ತೇನಿ. ಮತ್ತ ಹಿಡಿಯೂದಿಲ್ಲ."

ರಂಪಿಗೆ ಎಂದರೆ ತೊಗಲು ಕೊಯ್ಯುವ ಅಗಲ ಬಾಯಿಯ ಚೂರಿ. ಅದನ್ನು ಇಟ್ಟರೆ ಹಜರತಅಲಿಯ ಕಸಬು ಮುಗಿದಂತೆ. ಬೇವಿನ ಗಿಡದ ಕೆಳಗೆ ಕೂತಿದ್ದ ಅವನ ಹೆಂಡತಿ ರಮಜಾನಬಿ ಕೂತಲ್ಲಿಂದ ಅರ್ಧ ಎದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಇಷ್ಟಕ್ಕೆಲ್ಲ ಕಾರಣ ಪರಮೇಶಪ್ಪನ ಹಳೆಯ ಡಾಜ್ ಕಾರು. ಟಾಂಗಾಗಳ ಕಾಲ ಮುಗಿಯುತ್ತ ಬಂದು, ಟಾಂಗಾದ ಟಪ್ಪು, ಅಂದರೆ ಮೇಲಿನ ಹೊದಿಕೆ, ಹೊಲಿಯುತ್ತಿದ್ದ ಗಂಡ ಹೆಂಡತಿ ಕೈಕಟ್ಟಿ ಕೂತಿದ್ದಾಗ, ಹುಬ್ಬಳ್ಳಿಯ ಕಡೆ ಕಾರುಗಳ ನೆತ್ತಿಗೆ ಕರಿ ರೆಕ್ಸಿನ್ ಹೊದಿಸುವ ಶೋಕಿ ಹುಟ್ಟಿಕೊಂಡಿತು. ಪರಮೇಶಪ್ಪನಿಗೂ ಅದು ಬೇಕಾಯಿತು. ಹಜರತಅಲಿ ಅಳತೆ ಹಿಡಿದು ಕೊಯ್ದ, ರಮಜಾನಬಿ ಹೊಲಿದಳು, ಅಂಟು ಕಾಸಿದಳು. ಹೊದಿಕೆ ಕೂತ ಮೇಲೆ ಆ ಕಾರು ಎಷ್ಟು ಚೆಂದ ಕಂಡಿತೆಂದರೆ, ಹಾನಗಲ್ಲಿನಿಂದ ಜನ ನೋಡಲು ಬಂದು ಬೆರಳಿನಿಂದ ಒತ್ತಿ ಒತ್ತಿ ಹೋದರು.

ಮೂರು ಮಳೆಗಾಲ ಸರಿಯಾಗಿತ್ತು. ಈ ಸಲ ಪರಮೇಶಪ್ಪ ಮಗಳ ನಿಶ್ಚಯಕ್ಕೆಂದು ಹಿರೇಕೆರೂರಿಗೆ ಹೊರಟ. ದಾರಿಯಲ್ಲಿ ಜಿಟಿಜಿಟಿ ಮಳೆ. ಬೀಗರ ಮನೆಯ ಮುಂದೆ ಇಳಿದಾಗ ಬಿಳಿ ಧೋತರದ ತುಂಬ ಕೆಂಪು ಕಲೆ. ಪೆಟ್ಟಾಯಿತೆಂದು ಹೆಂಗಸರು ಚೀರಿದರು, ಗಂಡಸರು ನೀರು ತಂದರು. ರಕ್ತವಲ್ಲ, ಕಾರಿನ ನೆತ್ತಿಯಿಂದ ಸೋರಿದ ತುಕ್ಕಿನ ನೀರು ಎಂದು ಗೊತ್ತಾದ ಮೇಲೆ ನಕ್ಕರಲ್ಲ, ಆ ನಗು ಅವನಿಗೆ ಅರಗಲಿಲ್ಲ. ನಿಶ್ಚಯ ಮುಗಿಸಿಕೊಂಡು ಕಾರನ್ನು ನೇರ ಇಸಾಕನಲ್ಲಿಗೆ ತಂದು ನಿಲ್ಲಿಸಿ, ಸವಣೂರಿಗೆ ಹೇಳಿ ಕಳಿಸಿದ.

ಎಲ್ಲೋ ಹೊಲಿಗೆ ಬಿಟ್ಟಿರಬೇಕು, ಮತ್ತೆ ಅಂಟಿಸಿದರಾಯಿತು ಎಂದುಕೊಂಡೇ ಗಂಡ ಹೆಂಡತಿ ಬಸ್ಸು ಹತ್ತಿದ್ದರು. ರಮಜಾನಬಿ ಹೊಸದಾಗಿ ಕಾಸಿದ ಅಂಟಿನ ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡು ತಂದಿದ್ದಳು. ಆದರೆ ಅವಳ ಹೆದರಿಕೆ ಹೊಲಿಗೆಯದಲ್ಲ. ಹಜರತಅಲಿಯ ಬಲಗೈ ನಡುಗಲು ಶುರುವಾಗಿ ಬಹಳ ದಿನವಾಗಿತ್ತು. ಚಹಾ ಕುಡಿಯುವಾಗ ಬಟ್ಟಲು ಬಸಿಯ ಮೇಲೆ ಟಕಟಕ ಎನ್ನುವುದನ್ನು ಅವಳೊಬ್ಬಳೇ ಕೇಳಿದ್ದಳು. ಸೂಜಿಗೆ ದಾರ ಪೋಣಿಸಿ ಕೊಡುವವಳೂ ಅವಳೇ, ಅವನು ಕೊಯ್ಯುವಾಗ ಅಳತೆಪಟ್ಟಿ ಒತ್ತಿ ಹಿಡಿಯುವವಳೂ ಅವಳೇ. ಕಾರಿನ ಮೇಲೆ ಅಂಚು ಕೊಯ್ದಾಗ ಆ ಕೈ ಜಾರಿ ತಗಡಿಗೆ ಗೀರು ಬಿದ್ದು, ಗೀರಿನಿಂದಲೇ ತುಕ್ಕು ಹತ್ತಿದ್ದರೆ? ಹಾಗಾಗಿದ್ದರೆ ಈ ಮನುಷ್ಯ ಬದುಕುವುದಿಲ್ಲ ಎಂದೇ ಅವಳು ತಿಳಿದಿದ್ದಳು.

ಹಜರತಅಲಿ ರಂಪಿಗೆಯ ಮಾತು ಆಡಿದ ಮೇಲೆ ಇಸಾಕ ರೆಕ್ಸಿನ್ನಿನ ಮುಂದಿನ ಅಂಚಿಗೆ ಕಬ್ಬಿಣದ ಪಟ್ಟಿ ತೂರಿಸಿ ಎಳೆದ. ಅದು ಹಣ್ಣಾದ ಗಾಯದ ಪಟ್ಟಿ ಕಿತ್ತಂತೆ ಹಸಿಹಸಿಯಾಗಿ ಎದ್ದು ಬಂತು. ಒಳಗೆ ಎಲ್ಲಿ ನೋಡಿದರಲ್ಲಿ ಕೆಂಪು. ಚಕ್ಕೆ ಚಕ್ಕೆಯಾಗಿ ಎದ್ದ ತಗಡನ್ನು ಇಸಾಕ ಬೆರಳಿನಿಂದ ಒತ್ತಿದ. ಬೆರಳು ಒಳಗೆ ಹೋಗಿ, ಕಾರಿನೊಳಗಿಂದ ಕಂಡಿತು.

"ಮ್ಯಾಲೆ ಥಳಕು, ಒಳಗ ಹುಳುಕು" ಎಂದ ಪರಮೇಶಪ್ಪ. ನೆತ್ತಿಯ ಅಂಚಿನಲ್ಲಿ ಮಳೆನೀರು ಹರಿಯುವ ಸಣ್ಣ ಕಾಲುವೆಯ ಗುಂಟ ಸಣ್ಣ ಗೀರುಗಳಿದ್ದವು. ಅವನ್ನು ತೋರಿಸಿ, ಇದು ಯಾರ ಚೂರಿಯ ಕೆಲಸ ಎಂದು ಕೇಳಿದ. ಇಸಾಕ ಬಗ್ಗಿ ನೋಡಿ, ಚೂರಿಯ ಗೀರೇ ಹೌದು ಎಂದ.

ಹಜರತಅಲಿ ಚೀಲದಿಂದ ರಂಪಿಗೆ ತೆಗೆದು, ಒರೆಸಿ, ಕಾರಿನ ಬಾನೆಟ್ಟಿನ ಮೇಲೆ ಇಟ್ಟ. ಇಡುವಾಗ ಅದು ತಗಡಿಗೆ ತಾಗಿ ಕಿರ್ರೆಂದಿತು.

ರಮಜಾನಬಿ ಸೆರಗು ಎಳೆದುಕೊಂಡು ಎದ್ದು ಬಂದಳು. ಗಂಡಸರ ನಡುವೆ ಹೀಗೆ ಬರುವವಳಲ್ಲ, ಆದರೂ ಬಂದಳು. ಕಾರಿನ ಸುತ್ತ ತಿರುಗಿದಳು. ಗೀರು ಬಿದ್ದಲ್ಲಿ ತುಕ್ಕು ಹೆಚ್ಚೂ ಇರಲಿಲ್ಲ, ಕಡಿಮೆಯೂ ಇರಲಿಲ್ಲ. ನಟ್ಟನಡುವೆ, ಚೂರಿಯೇ ಸೋಕದ ಕಡೆ, ತಗಡು ಜರಡಿಯಾಗಿತ್ತು. ಇನ್ನೂ ಬಗ್ಗಿ ನೋಡಿದಾಗ ತುಕ್ಕಿನಲ್ಲಿ ಗೆರೆಗಳು ಕಂಡವು, ಅಡ್ಡಡ್ಡ, ಅವಳದೇ ನಾರಿನ ಕುಂಚ ಓಡಾಡಿದ ಗೆರೆಗಳು. ಹಿಂದಿನ ಗಾಜಿನ ಮೂಲೆಯಲ್ಲಿ ಅಂದು ಅಂಟು ಸಾಲದೆ ಬರೀ ದಾರದಿಂದ ಬಿಗಿದಿದ್ದಳು. ಆ ಗೇಣಗಲ ಜಾಗ ಮಾತ್ರ ಗಟ್ಟಿಯಾಗಿತ್ತು.

ಹುಣಸೆ ಬೀಜದ ಅಂಟಿಗೆ ಇಲಿ ಜಿರಳೆ ಬಾಯಿ ಹಾಕಬಾರದೆಂದು ನೀಲಿ ಮೈಲುತುತ್ತ ಬೆರೆಸುವುದು ಅವರ ಮನೆಯ ಪದ್ಧತಿ. ಅತ್ತೆ ಕಲಿಸುವಾಗ ಒಂದೇ ಎಚ್ಚರಿಕೆ ಹೇಳಿದ್ದಳು: ಮಣ್ಣಿನ ಗಡಿಗೆಯಲ್ಲೇ ಇಡು, ಕಬ್ಬಿಣದ ಬೋಗುಣಿಗೆ ಮಾತ್ರ ಹಾಕಬೇಡ. ಸವಣೂರಿನ ವೀಳ್ಯದೆಲೆ ತೋಟದವರು ಕೂಡ ಮೈಲುತುತ್ತವನ್ನು ಕಬ್ಬಿಣದ ಬಕೀಟಿನಲ್ಲಿ ಕಲಸುವುದಿಲ್ಲ. ಯಾಕೆಂದು ಅವಳು ಕೇಳಿರಲಿಲ್ಲ. ಒಲೆಯ ಮುಂದೆ ಆ ಮಾತನ್ನು ಚಾಚೂ ತಪ್ಪದೆ ನಡೆಸಿ, ಅದೇ ಅಂಟನ್ನು ಒಂದು ಇಡೀ ಕಬ್ಬಿಣದ ನೆತ್ತಿಗೆ ಬಳಿದು ಬಂದಿದ್ದಳು. ಕಾಯಲೆಂದು ಹಾಕಿದ ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ತಪ್ಪು ಚೂರಿಯದಲ್ಲ, ಅಂಟಿನದು ಎಂದು ಅವಳು ಹೇಳಿದಾಗ ಯಾರೂ ನಂಬಲಿಲ್ಲ. ಗಂಡನ ಮೇಲಿನ ಮಾಯೆಗೆ ಆಡುತ್ತಿದ್ದಾಳೆ ಎಂದು ಪರಮೇಶಪ್ಪ ಮೆಲ್ಲಗೆ ನಕ್ಕ. ಹಜರತಅಲಿ ಅವಳತ್ತ ನೋಡಿ, ಬೇಡ ಎಂಬಂತೆ ತಲೆ ಅಲ್ಲಾಡಿಸಿದ. ಅದು ತನ್ನ ಮಾನ ಕಾಯಲಿಕ್ಕೆಂದು ಅವಳು ತಿಳಿದಳು, ಅದಕ್ಕೆ ಇನ್ನಷ್ಟು ಹಟ ಬಂತು. ಇಸಾಕನಿಂದ ಉಜ್ಜಿ ಬೆಳ್ಳಗೆ ಮಾಡಿದ ತಗಡಿನ ಚೂರು ಇಸಿದುಕೊಂಡು, ಗಡಿಗೆಯ ಅಂಟನ್ನು ದಪ್ಪಗೆ ಬಳಿದು, ಎಲ್ಲರ ಕಣ್ಣಮುಂದೆ ಹಿಡಿದು ನಿಂತಳು. ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು. ಏನೂ ಆಗದಿದ್ದರೆ ಎಂಬ ಭಯ ಅವಳಿಗೆ. ಕಡೆಗೆ ಸೆರಗಿನ ತುದಿಯಿಂದ ಅಂಟು ಒರೆಸಿದಳು. ಬೆಳ್ಳಗಿದ್ದ ತಗಡು ತಾಮ್ರದ ತಂಬಿಗೆಯ ಬಣ್ಣಕ್ಕೆ ತಿರುಗಿತ್ತು.

ಇಸಾಕ ಅದನ್ನು ಕಸಿದುಕೊಂಡು ಅತ್ತಿತ್ತ ಹೊರಳಿಸಿದ. ಮೈಲುತುತ್ತ ಕಬ್ಬಿಣವನ್ನು ತಿಂದು ತಾಮ್ರವನ್ನು ಉಗುಳುತ್ತದೆ ಎಂದು ತಾನೂ ಕೇಳಿದ್ದೆ, ಕಣ್ಣಿಂದ ನೋಡಿದ್ದು ಇವತ್ತೇ ಎಂದ. ಚೂರಿಯ ಗೀರು ಇಷ್ಟನ್ನು ಮಾಡುವುದಿಲ್ಲ ಎಂದೂ ಸೇರಿಸಿದ.

ಪರಮೇಶಪ್ಪ ಸಿಟ್ಟಿನವನೇ ಹೊರತು ಕೆಟ್ಟವನಲ್ಲ. ಬಾನೆಟ್ಟಿನ ಮೇಲಿದ್ದ ರಂಪಿಗೆಯನ್ನು ತಾನೇ ಎತ್ತಿ ಹಜರತಅಲಿಯ ಕೈಗೆ ಕೊಟ್ಟ. ನಿನ್ನ ಕೈಯಲ್ಲಿ ದೋಷವಿಲ್ಲ, ಇಸಾಕ ಹೊಸ ತಗಡು ಬೆಸೆಯಲಿ, ಡಬ್ಬಿಯಲ್ಲಿ ಸಿಗುವ ರಬ್ಬರ್ ಅಂಟು ಹುಬ್ಬಳ್ಳಿಯಿಂದ ತರಿಸುತ್ತೇನೆ, ಹೊದಿಕೆ ಮಾತ್ರ ನೀನೇ ಹಾಕಬೇಕು, ಅದೂ ಇಲ್ಲೇ, ನಾಲ್ಕು ಜನರ ಮುಂದೆ, ಆಡಿಕೊಂಡವರ ಬಾಯಿ ಮುಚ್ಚಬೇಕು ಎಂದ.

ರಮಜಾನಬಿಗೆ ಹೋದ ಜೀವ ಬಂದಂತಾಯಿತು. ನಗುತ್ತ ಗಂಡನ ಮುಖ ನೋಡಿದಳು. ಅವನು ನಗುತ್ತಿರಲಿಲ್ಲ. ರಂಪಿಗೆ ಹಿಡಿದ ಕೈಯನ್ನು ಅಂಗಿಯ ಮರೆಗೆ ಸರಿಸಿ, ಅವಳಿಗಷ್ಟೇ ಕೇಳುವಂತೆ ಹೇಳಿದ.

"ಬಿಡಾಕ ಒಂದು ದಾರಿ ಸಿಕ್ಕಿತ್ತು ನನಗ. ಆಡಿದ ಮಾತಿಗೆ ಬಿಟ್ಟ ಅನ್ನತಿದ್ರು, ಕೈ ನಡಗ್ತದ ಅಂತ ಯಾರೂ ಅನ್ನತಿರಲಿಲ್ಲ. ಅದನ್ನೂ ಕಸಗೊಂಡಿ."

ಅಯ್ಯೋ ಎನಿಸಿತು ಅವಳಿಗೆ. ಇಷ್ಟು ಹೊತ್ತು ತಾನು ಯಾರ ಪರವಾಗಿ ಬಡಿದಾಡಿದೆ? ನಾಲ್ಕು ಜನರ ಮುಂದೆ, ಹೊಸ ತಗಡಿನ ಮೇಲೆ, ಆ ಕೈ ಕೊಯ್ಯುವುದನ್ನು ಅವಳು ಕಣ್ಣುಮುಚ್ಚಿಯೇ ಕಂಡಳು. ಅವರು ನೋಡುತ್ತಾರೆ, ಮೊದಲು ಸುಮ್ಮನಿರುತ್ತಾರೆ, ಆಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅವನ ಮೇಲೆ ಸಿಟ್ಟೂ ಬಂತು. ಮೊದಲೇ ಹೇಳಬಾರದಿತ್ತೇ ಈ ಮೂಗಬಸವ?

ಆದರೆ ಸಿಟ್ಟಿಗೆ ಹೊತ್ತಿರಲಿಲ್ಲ. ಪರಮೇಶಪ್ಪ ಆಗಲೇ ದಿನ ಗೊತ್ತುಮಾಡುತ್ತಿದ್ದ. ಅವಳು ಗಡಿಗೆಯನ್ನು ಸೊಂಟಕ್ಕೆ ಏರಿಸಿಕೊಂಡು, ಜಗಳಗಂಟಿಯ ದನಿ ತೆಗೆದಳು.

"ಆ ಡಬ್ಬಿ ಅಂಟು ನಾ ಮುಟ್ಟೂದಿಲ್ಲರಿ. ನನ್ನ ಅಂಟು ಬ್ಯಾಡಂದ್ರ ಹೊಲಿಗಿನೂ ಇಲ್ಲ. ಇವರನ್ನೂ ಕಳಸೂದಿಲ್ಲ. ತಗಡಿಗೆ ಬರೇ ಬಣ್ಣ ಹೊಡಿಸಿಕೊಳ್ರಿ."

ಎಲ್ಲರೂ ದಂಗಾದರು. ಕಾರು ಕೆಡಿಸಿದ್ದು ಸಾಲದೆ ಮೇಲೆ ಸೊಕ್ಕು ಬೇರೆ ಎಂದು ಪರಮೇಶಪ್ಪ ಗುಡುಗಿದ. ಇಸಾಕ ಸಮಾಧಾನ ಹೇಳಿದ, ಅವಳು ಜಗ್ಗಲಿಲ್ಲ. ಕಡೆಗೆ ಪರಮೇಶಪ್ಪ ಅವಳನ್ನು ಬಿಟ್ಟು ಹಜರತಅಲಿಯತ್ತ ತಿರುಗಿ, ಬಂಗಾರದಂಥ ಕೈ ಇಟ್ಟುಕೊಂಡು ಹೆಂಡತಿಯ ಹಟಕ್ಕೆ ಕಸಬು ಬಿಡುತ್ತೀಯೇನು ಎಂದು ಕೇಳಿದ.

ಹಜರತಅಲಿ ರಂಪಿಗೆಯನ್ನು ಚೀಲಕ್ಕೆ ಇಳಿಸಿದ. ಚೀಲದ ಬಾಯಿ ಕಟ್ಟಿ ಹೆಗಲಿಗೆ ಹಾಕಿಕೊಂಡ.

"ಏನ್ ಮಾಡೂದ್ರಿ, ಆಕಿ ಮೊದಲಿಂದ ಹಂಗ. ಯಾರ ಮಾತೂ ಕೇಳೂದಿಲ್ಲ" ಎಂದ.

ದನಿ ಒಂದಿಷ್ಟೂ ನಡುಗಲಿಲ್ಲ. ನಿಂತವರು ಅಯ್ಯೋ ಪಾಪ ಎಂದು ಅವನನ್ನೇ ನೋಡಿದರು. ದಾರಿ ತೋರಿಸಿದವಳು ತಾನೇ, ಆದರೂ ಅವನು ಅಷ್ಟು ಸಲೀಸಾಗಿ ಅದರಲ್ಲಿ ಕಾಲಿಟ್ಟದ್ದು ರಮಜಾನಬಿಗೆ ಚುಚ್ಚಿತು. ಅಳು ಬಂತು, ಸಮಾಧಾನವೂ ಆಯಿತು. ಸವಣೂರಿನ ಬಸ್ಸು ಬರುವ ಹೊತ್ತಾಗಿತ್ತು. ಗಂಡ ಮುಂದೆ ನಡೆದ, ಅವಳು ಗಡಿಗೆ ಹೊತ್ತು ಅವನ ಹಿಂದೆ ನಡೆದಳು.