ವಾಸನೆಯಿಲ್ಲದ ಮನೆ

ಪಕ್ಕದ ಮನೆಯ ಟೈಲರಮ್ಮ ತಂದ ಹೂವಿನ ಗೊಂಚಲನ್ನು ಮೇಷ್ಟ್ರ ಹೆಂಡತಿ ಬಾಗಿಲಲ್ಲೇ ಕಸಿದುಕೊಂಡು, ಅಂಗಳ ದಾಟಿ, ಕಾಂಪೌಂಡ್ ಗೋಡೆಯ ಮೇಲೆ ಇಟ್ಟು ಬಂದಳು. ಬಿಳಿ ಲಿಲಿ ಹೂಗಳು, ಘಮ್ಮೆನ್ನುತ್ತಿದ್ದವು.

“ಒಳಗೆಲ್ಲಾ ವಾಸನೆ ಆಗತ್ತೆ,” ಎಂದಳು.

ಟೈಲರಮ್ಮ ಬಾಯಿಗೆ ಬೀಗ ಹಾಕಿಕೊಂಡು ಹುಟ್ಟಿದವಳಲ್ಲ. ಆದರೂ ಇವತ್ತು ಮೆಲ್ಲಗೇ ಕೇಳಿದಳು. “ಆದ್ರೆ ಆಗ್ಲಿ ಬಿಡಿ ಅತ್ತಿಗೆ. ಇನ್ನು ಯಾರ ಮೂಗಿಗೆ ತೊಂದ್ರೆ?”

ನಡುಮನೆಯಲ್ಲಿ ತೀರಿಕೊಂಡ ಮೇಷ್ಟ್ರನ್ನು ಮಲಗಿಸಿದ್ದರು. ಮುಖವೆಲ್ಲ ಇಳಿದುಹೋಗಿ ಮೂಗೊಂದೇ ಎದ್ದು ಕಾಣುತ್ತಿತ್ತು. ಆಕೆ ಅದನ್ನೊಮ್ಮೆ ನೋಡಿದಳು, ಹೊರಗಿನ ಹೂವನ್ನೊಮ್ಮೆ ನೋಡಿದಳು. ಮತ್ತೆ ಹೋಗಿ ತರುವ ಧೈರ್ಯ ಬರಲಿಲ್ಲ.

ಮೇಷ್ಟ್ರು ಎಂದರೆ ಶಾಲೆಯಲ್ಲಿ ಪಾಠ ಹೇಳಿದವರೇನಲ್ಲ. ಪೇಟೆಯ ದೊಡ್ಡ ವೈನ್ ಅಂಗಡಿಯಲ್ಲಿ ರುಚಿ ನೋಡುವ ಕೆಲಸ ಅವರದು. ದೇಶದೇಶಗಳಿಂದ ಬಂದ ಬಾಟಲಿಗಳನ್ನು ಮೂಸಿ, ಒಂದು ಗುಟುಕು ಬಾಯಲ್ಲಾಡಿಸಿ ಉಗಿದು, ಯಾವ ಗಿರಾಕಿಗೆ ಯಾವುದು ಹಿಡಿಸೀತೆಂದು ಹೇಳುತ್ತಿದ್ದರು. ಮದುವೆಯ ಊಟಕ್ಕೆ ಚಿಲಿಯದು, ಬೀಗರ ಮುಂದೆ ಮರ್ಯಾದೆ ಉಳಿಯಬೇಕಾದರೆ ಫ್ರಾನ್ಸಿನದು, ಒಬ್ಬರೇ ಕೂತು ಕುಡಿಯುವವರಿಗೆ ಪೋರ್ಚುಗಲ್ಲಿನದು. ಇವುಗಳಲ್ಲಿ ಒಂದು ದೇಶವನ್ನಾದರೂ ಕಣ್ಣಾರೆ ಕಂಡವರಲ್ಲ. ಆದರೆ ಅವರು ಹೇಳಿದರೆ ಮುಗಿಯಿತು, ಎದುರಾಡುವವರಿರಲಿಲ್ಲ.

*

ಮದುವೆಯಾದ ಹೊಸತರಲ್ಲಿ ಆಕೆ ಒಂದು ಬೆಳಿಗ್ಗೆ ಈರುಳ್ಳಿ ಬೆಳ್ಳುಳ್ಳಿ ಹುರಿಯುತ್ತಿದ್ದಳು. ಮೇಷ್ಟ್ರು ಸ್ನಾನ ಮುಗಿಸಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಗದರಲಿಲ್ಲ.

“ಇವತ್ತು ಇಟಲಿಯ ಹೊಸ ಬಾಟಲಿಗಳು ಬರ್ತವೆ,” ಎಂದರು. “ಬೆಳ್ಳುಳ್ಳಿ ತುಂಬ್ಕೊಂಡಿರೋ ಮೂಗಲ್ಲಿ ನಾನೇನು ಹೇಳ್ಲಿ?”

ಆಕೆ ಒಲೆ ಆರಿಸಿದಳು. ಅಂದಿನಿಂದ ಅದೊಂದು ಮೂಗು ಇಡೀ ಮನೆಗೆ ಮೂಗುದಾರ ಹಾಕಿತು. ವಾಸನೆಯ ಸೋಪಿಲ್ಲ, ಪೌಡರಿಲ್ಲ, ತಲೆಗೆ ಎಣ್ಣೆಯಿಲ್ಲ, ಹೂದಾನಿಯಲ್ಲಿ ಹೂವಿಲ್ಲ. ಬೇಯಿಸಿದ್ದು ಬಿಟ್ಟರೆ ಹುರಿದದ್ದಿಲ್ಲ. ಆ ಮನೆಗೆ ಕಳ್ಳ ಬಂದರೂ ಸ್ನಾನ ಮಾಡಿಯೇ ಬರಬೇಕು ಎಂದು ಬೀದಿಯವರು ನಗುತ್ತಿದ್ದರು. ಆಕೆಯೂ ನಗುತ್ತಿದ್ದಳು. ಗಂಡನ ಮೂಗನ್ನು ತಾನು ಕಾಯುತ್ತಿದ್ದೇನೆಂಬ ಹೆಮ್ಮೆ ಇತ್ತು. ಮಕ್ಕಳಿರಲಿಲ್ಲ. ಕಾಯುವುದಕ್ಕೆ ಅದಾದರೂ ಇತ್ತು.

*

ಮಣ್ಣು ಮಾಡಿ ಬಂದ ಮೇಲೆ ಅಂಗಡಿಯ ಯಜಮಾನ ಎಲ್ಲರನ್ನೂ ಮಹಡಿಯ ಮೇಲಿನ ಕೋಣೆಗೆ ಕರೆದ. ಮೇಷ್ಟ್ರು ರುಚಿ ನೋಡುತ್ತಿದ್ದ ಕೋಣೆ ಅದು. ಉದ್ದನೆಯ ಮೇಜು, ವೈನಿನ ಬಣ್ಣ ಸರಿಯಾಗಿ ಕಾಣಲೆಂದು ಅದರ ಮೇಲೆ ಬಿಳಿ ಬಟ್ಟೆ, ಪಕ್ಕದಲ್ಲಿ ಉಗಿಯುವ ಬಕೆಟ್ಟು. ಯಜಮಾನ ಗಂಟಲು ಸರಿಮಾಡಿಕೊಂಡ.

“ಅಂಥ ಮೂಗು ಇನ್ನೊಂದು ಹುಟ್ಟಲ್ಲ. ಕೊನೇ ದಿನದವರೆಗೂ ಒಂದೇ ಒಂದು ಕೆಟ್ಟ ಬಾಟಲಿ ಅವರ ಕಣ್ಣು ತಪ್ಪಿಸಿ ಈ ಬಾಗಿಲು ದಾಟ್ಲಿಲ್ಲ.”

ಹಿಂದಿನ ಸಾಲಿನಲ್ಲಿ ಆಕೆಯ ತಮ್ಮ ಗೋಡೆಗೆ ಒರಗಿ ನಿಂತು ಕೇಳುತ್ತಿದ್ದ. ಗ್ಯಾರೇಜ್ ಇಟ್ಟುಕೊಂಡವನು, ಉಗುರಿನ ಸಂದಿಯಲ್ಲಿ ಇವತ್ತೂ ಗ್ರೀಸ್ ಇತ್ತು. ಅಮ್ಮ ಸತ್ತ ದಿನದಿಂದ ಅವನು ಅಕ್ಕನ ಜೊತೆ ಮಾತು ಬಿಟ್ಟಿದ್ದ. ಬೆಳಿಗ್ಗೆ ಬಂದು ಭಾವನ ಹೆಣಕ್ಕೆ ಹೆಗಲು ಕೊಟ್ಟ, ಅಕ್ಕನ ಮುಖ ಮಾತ್ರ ನೋಡಲಿಲ್ಲ. ಅವಳಿಗೆ ಉಳಿದಿದ್ದ ಬಂಧುವೆಂದರೆ ಅವನೊಬ್ಬನೇ.

ಮೇಷ್ಟ್ರ ಜೊತೆ ತಲೆ ನರೆಯುವತನಕ ದುಡಿದ ಸಹಾಯಕಿ ಬಂದು ಆಕೆಯ ಪಕ್ಕದ ಕುರ್ಚಿಯಲ್ಲಿ ಕೂತಳು. ಅತ್ತು ಕಣ್ಣು ಊದಿಸಿಕೊಂಡಿದ್ದಳು. ಆಕೆಯ ಕೈ ಹಿಡಿದು ಕಿವಿಯ ಹತ್ತಿರ ಬಾಗಿದಳು.

“ಸದ್ಯ, ಯಾರಿಗೂ ಗೊತ್ತಾಗದ ಹಾಗೆ ಕಳಿಸಿಕೊಟ್ವಿ ಅಲ್ವಾ ಅಮ್ಮಾವ್ರೇ. ಅಂಗಡೀಲಿ ನಾನು, ಮನೇಲಿ ನೀವು.”

ಆಕೆಗೆ ಅರ್ಥವಾಗಲಿಲ್ಲ. ಸುಮ್ಮನೆ ತಲೆಯಾಡಿಸಿದಳು. ಅಷ್ಟೇ ಸಾಕಾಯಿತು, ಆ ಹೆಂಗಸು ಮನಸ್ಸಿನ ಭಾರವನ್ನೆಲ್ಲ ಇಳಿಸಿದಳು.

“ನಾನು ಮೊದ್ಲೇ ಮೂಸಿ ನೋಡ್ತಿದ್ದೆ. ಬಾಟಲಿ ಚೆನ್ನಾಗಿದ್ರೆ ಬಿರಡೆನ ತಟ್ಟೇಲಿ ನಿಲ್ಲಿಸ್ತಿದ್ದೆ, ಕೆಟ್ಟಿದ್ರೆ ಮಲಗಿಸ್ತಿದ್ದೆ. ಅವರು ಅದನ್ನ ನೋಡ್ಕೊಂಡು ಮೂಸಿದ ಹಾಗೆ ಮಾಡಿ ಹೇಳೋರು. ಮಿಕ್ಕಿದ್ದೆಲ್ಲ ಬಾಯಿಪಾಠ. ಯಾವ ದೇಶದ ದ್ರಾಕ್ಷಿಗೆ ಯಾವ ವಾಸನೆ ಅಂತ ಹಳೇದೆಲ್ಲ ನೆನಪಿತ್ತಲ್ಲ. ‘ಮೂಗು ಹೋಗಿದೆ, ವಾಸನೆ ಗೊತ್ತಾಗಲ್ಲ ಅಂತ ನನ್ನ ಹೆಂಡತಿಗೂ ಗೊತ್ತು, ಆದ್ರೂ ಮನೇಲಿ ನಿಯಮ ಸಡಿಲ ಮಾಡಿಲ್ಲ, ಜನಕ್ಕೆ ಅನುಮಾನ ಬರಬಾರದು ಅಂತ.’ ಹಾಗನ್ನೋರು. ನಿಮ್ಮನ್ನ ನೆನೆಸ್ಕೊಂಡು ನಾನೆಷ್ಟೋ ಸಲ ಕೈ ಮುಗಿದಿದ್ದೀನಿ.”

ಆಕೆ ದನಿಯನ್ನು ಹದ್ದುಬಸ್ತಿನಲ್ಲಿಟ್ಟುಕೊಂಡಳು.

“ಯಾವಾಗಿಂದ ಅಂತ ನಿಮ್ಮ ಹತ್ರ ಹೇಳಿದ್ರು?”

“ಆ ದೊಡ್ಡ ಜ್ವರ ಬಂದು ಆಸ್ಪತ್ರೆ ಸೇರಿದ್ರಲ್ಲ, ಅವತ್ತಿಂದಲೇ. ಆಮೇಲೆ ಒಂದು ದಿನಕ್ಕೂ ವಾಪಸ್ ಬರ್ಲಿಲ್ವಂತೆ.”

*

ಜ್ವರ ಬಿಟ್ಟ ಮರುವರ್ಷ ಅಮ್ಮ ಬಂದಿದ್ದಳು. ತಮ್ಮನ ಮನೆ ಗ್ಯಾರೇಜಿನ ಮೇಲೆ, ಏಣಿಯಂತಹ ಕಡಿದಾದ ಮೆಟ್ಟಿಲು. ಅಮ್ಮನ ಮಂಡಿಗೆ ಹತ್ತಲೂ ಆಗದು, ಇಳಿಯಲೂ ಆಗದು. ಮಗಳ ಮನೆಯಾದರೆ ನೆಲದ ಮೇಲಿದೆ, ಬೀದಿ ನೋಡುತ್ತಾ ಕೂರಬಹುದು ಎಂಬ ಆಸೆ. ಮಂಡಿಗೆ ಮುಲಾಮು ಹಚ್ಚಿಕೊಂಡು ಕಿಟಕಿಯ ಪಕ್ಕ ಕೂತಿದ್ದಳು.

ಸಂಜೆ ಮೇಷ್ಟ್ರು ಬಂದವರೇ ಕಿಟಕಿಯ ಪರದೆಯನ್ನು ಹಿಡಿದು ಮೂಸಿದರು. ಕಣ್ಣು ಮುಚ್ಚಿ, ಇನ್ನೊಮ್ಮೆ ಆಳವಾಗಿ ಮೂಸಿದರು. “ಮುಲಾಮು,” ಎಂದರು. “ಪರದೆಗೆಲ್ಲಾ ಹತ್ತಿದೆ. ಒಗೆದ್ರೂ ಹೋಗುತ್ತೋ ಇಲ್ವೋ.”

ಅಮ್ಮ ಕಂಬಳಿ ಎಳೆದು ಮಂಡಿ ಮುಚ್ಚಿಕೊಂಡಳು.

ಆ ರಾತ್ರಿ ಆಕೆಯೇ ಅಮ್ಮನ ಹತ್ತಿರ ಮಾತೆತ್ತಿದಳು. “ಅವರ ಕೆಲಸ ಅಂಥದು ಅಮ್ಮ. ಮೂಗು ಕೆಟ್ರೆ ನಮ್ಮ ಹೊಟ್ಟೆಪಾಡು ನಡೆಯಲ್ಲ.”

“ನಾನು ಮುಲಾಮು ಹಚ್ಚಲ್ಲ ಬಿಡೇ,” ಎಂದಳು ಅಮ್ಮ.

“ಹಚ್ಚದೆ ಹೇಗಿರ್ತೀಯ?”

ಮರುದಿನ ತಮ್ಮನನ್ನು ಕರೆಸಿ ಅಮ್ಮನನ್ನು ವಾಪಸು ಕಳಿಸಿದಳು. ಹತ್ತಿದ ಆ ಮೆಟ್ಟಿಲನ್ನು ಅಮ್ಮ ಮತ್ತೆ ಇಳಿಯಲಿಲ್ಲ. ಇಳಿಸಿದ್ದು ಹೆಣವನ್ನೇ. ಅವತ್ತು ತಮ್ಮ ಎಲ್ಲರೆದುರೇ ಅಂದಿದ್ದ. “ಹೆತ್ತವಳಿಗಿಂತ ಗಂಡನ ಮೂಗು ದೊಡ್ಡದಾಯ್ತು ನಿನಗೆ.”

*

ವಾಸನೆಯೇ ಗೊತ್ತಾಗದ ಮೇಷ್ಟ್ರು ಏಕೆ ಹಾಗೆ ಮಾಡಿದರು? ಒಂದು ಮುಲಾಮಿಗೆ ಬಾಗಿಲು ತೆರೆದರೆ ಗುಟ್ಟೆಲ್ಲ ಹೊರಬಿದ್ದೀತೆಂಬ ಭಯವೋ, ಅತ್ತೆ ಎಂಬ ಜೀವವೇ ಬೇಡವಾಗಿತ್ತೋ. ಕೇಳೋಣವೆಂದರೆ ಮಣ್ಣು ಮಾಡಿ ಬಂದಾಗಿದೆ. ಆಕೆಗೆ ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಗಂಡನ ಮೇಲೆ ಬಂದ ಸಿಟ್ಟು ತಿರುಗಿ ತನ್ನ ಮೇಲೇ ಬಂತು. ಆ ಪರದೆಯನ್ನು ತಾನೂ ಮೂಸಿ ನೋಡಿದ್ದಳು, ಅದರಲ್ಲೇನೂ ಇರಲಿಲ್ಲ. ನನ್ನ ಮೂಗಿಗೇನು ಗೊತ್ತಾಗುತ್ತೆ ಎಂದುಕೊಂಡು ಒಗೆದು ಹಾಕಿದ್ದಳು.

ತಮ್ಮನಿಗೆ ಹೇಳಿಬಿಡಬೇಕು ಎಂದುಕೊಂಡು ಎದ್ದಳು. ಅಷ್ಟರಲ್ಲಿ ಮೇಷ್ಟ್ರ ನೆನಪಿಗೆಂದು ಯಜಮಾನ ಹಂಚಿಸಿದ್ದ ವೈನ್ ಗ್ಲಾಸು ಹಿಡಿದುಕೊಂಡು ಅವನೇ ಎದುರಿಗೆ ಬಂದ.

“ಅಕ್ಕ,” ಎಂದ.

ಅಮ್ಮ ಹೋದ ಮೇಲೆ ಅವನು ಹಾಗೆ ಕರೆದದ್ದು ಇದೇ ಮೊದಲು. ಮತ್ತೆ ಕುರ್ಚಿಯಲ್ಲಿ ಕೂತಳು.

“ಇವರೆಲ್ಲ ಹೇಳೋದನ್ನ ಕೇಳ್ತಾ ನಿಂತಿದ್ದೆ. ಭಾವಂದು ಬರೀ ಸೊಕ್ಕು ಅನ್ಕೊಂಡಿದ್ದೆ ನಾನು. ಅವರ ಮೂಗಿನ ಬೆಲೆ ಇಷ್ಟು ಅಂತ ಗೊತ್ತಿರ್ಲಿಲ್ಲ. ನನ್ನ ಕೈ ಬಿದ್ದುಹೋದ್ರೆ ಗ್ಯಾರೇಜಲ್ಲಿ ನಾನೇನು ಮಾಡ್ಲಿ? ಹಾಗೇ ತಾನೆ ಅವರಿಗೆ ಮೂಗು.” ನೆಲ ನೋಡುತ್ತಾ ಮುಂದುವರಿಸಿದ. “ಅಮ್ಮನ ವಿಷಯ ಮನಸ್ಸಲ್ಲಿ ಇಟ್ಕೊಂಡಿದ್ದೆ. ಇವತ್ತಿಗೆ ಬಿಟ್ಟೆ. ನೀನಾದ್ರೂ ಏನು ಮಾಡೋಕಾಗ್ತಿತ್ತು?”

ಗುಟ್ಟು ಹೇಳಿದರೆ ಇವನು ಗ್ಲಾಸನ್ನು ಅಲ್ಲೇ ಇಟ್ಟು ಮೆಟ್ಟಿಲಿಳಿದು ಹೋಗುತ್ತಾನೆ, ಈ ಸಲ ಹೋದರೆ ತನ್ನ ಸಾವಿಗೂ ಬರುವುದಿಲ್ಲ. ಹೇಳದಿದ್ದರೆ ಈ ಕ್ಷಮೆಯನ್ನು ಕದ್ದ ಮಾಲಿನಂತೆ ಇಟ್ಟುಕೊಂಡು ಬಾಳಬೇಕು.

“ಒಬ್ಬಳೇ ಇರಬೇಡ,” ಎಂದ ತಮ್ಮ. “ನಮ್ಮನೆಗೆ ಬಂದುಬಿಡು. ಅಮ್ಮ ಇದ್ದ ಕೋಣೆ ಖಾಲಿ ಇದೆ.”

“ಆಗ್ಲಿ,” ಎಂದಳು ಆಕೆ.

ತಮ್ಮನ ಮುಖ ಹಗುರಾಯಿತು. ಏನು ಮಾಡುವುದೆಂದು ತಿಳಿಯದೆ ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು ಮುಖ ಕಿವುಚಿದ. “ನನಗೆ ಬರೀ ಹುಳಿ ವಾಸನೆ. ಭಾವ ಆಗಿದ್ರೆ ಏನಂತಿದ್ರು ಇದಕ್ಕೆ?”

ಆಕೆ ಅವನ ಕೈಯಿಂದ ಗ್ಲಾಸು ತೆಗೆದುಕೊಂಡಳು. ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದಳು. ಉಸಿರು ಎಳೆದುಕೊಳ್ಳಲಿಲ್ಲ.

“ಒಣಗಿದ ಚೆರ್ರಿ,” ಎಂದಳು. “ಆಮೇಲೆ ಮಳೆ ಬಿದ್ದ ಕಲ್ಲು. ಕೊನೇಲಿ ಸ್ವಲ್ಪ ಹೊಗೆ.”

ತಮ್ಮ ಗ್ಲಾಸನ್ನು ವಾಪಸು ಇಸಿದುಕೊಂಡ. ಮೂಗು ಪೂರ್ತಿ ಒಳಗಿಟ್ಟು, ಅವಳ ಹಾಗೆಯೇ ಕಣ್ಣು ಮುಚ್ಚಿ, ಬಹಳ ಹೊತ್ತು ಹುಡುಕಿದ.

“ಹೌದಕ್ಕ,” ಎಂದ. “ಕಲ್ಲು. ಈಗ ಗೊತ್ತಾಗ್ತಿದೆ.”